ಹಾವಿನ ಕಡಿತಕ್ಕೆ ಕೊಡುವ ಇಂಜೆಕ್ಷನ್ ಕುದುರೆಯಿಂದ ಬರುತ್ತದೆ ಅಂತ ಜನರಿಗೆ ಯಾಕೆ ಹೇಳುತ್ತಿಲ್ಲ?

ತೋಟದಮನೆ (ಚರ್ಚೆ ಶುರು ಮಾಡಿದವರು)

ನಮ್ಮ ತೀರ್ಥಹಳ್ಳಿ ಕಡೆ ಯಾರನ್ನೇ ಕೇಳಿ, ಹಾವು ಕಡಿದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ ಅಂತ ಗೊತ್ತು. ಆ ಇಂಜೆಕ್ಷನ್ ಎಲ್ಲಿಂದ ಬರುತ್ತದೆ ಅಂತ ಕೇಳಿದರೆ ಮಾತ್ರ ಹೆಚ್ಚಿನವರು ‘ಕಂಪನಿಯಿಂದ’ ಅನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು. ಹತ್ತನೇ ಕ್ಲಾಸಿನಲ್ಲಿ ಕೇಳಿದಾಗ ಒಬ್ಬ ಹುಡುಗ ‘ಹಾವಿನ ವಿಷದಿಂದಲೇ ಮಾಡ್ತಾರೆ ಸಾರ್’ ಅಂದ. ಅದು ಅರ್ಧ ಕಥೆ. ಉಳಿದರ್ಧ ಕುದುರೆಯದ್ದು.

ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕು ಹಾವುಗಳ ವಿಷ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಈ ವಿಷ ಹೆಚ್ಚಾಗಿ ಬರುವುದು ತಮಿಳುನಾಡಿನ ಮಾಮಲ್ಲಪುರದ ಹತ್ತಿರ ಇರುವ, ಹಾವು ಹಿಡಿಯುವುದರಲ್ಲಿ ಪಳಗಿದ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಅದು. ಹಾವನ್ನು ಕೆಲವು ವಾರ ಇಟ್ಟುಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಕುದುರೆಗೆ ತೀರಾ ಸಣ್ಣ ಪ್ರಮಾಣದಲ್ಲಿ ಚುಚ್ಚುತ್ತಾರೆ. ವಾರಗಟ್ಟಲೆ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋಗುತ್ತಾರೆ. ವಿಷವನ್ನು ಎದುರಿಸುವ ಪ್ರತಿಕಾಯಗಳು ಕುದುರೆಯ ರಕ್ತದಲ್ಲಿ ತಯಾರಾಗುತ್ತವೆ. ಆಗ ರಕ್ತ ತೆಗೆದು, ಅದರ ಪ್ಲಾಸ್ಮಾದಿಂದ (ರಕ್ತಕಣ ಬಿಟ್ಟು ಉಳಿಯುವ ದ್ರವ) ಆ ಪ್ರತಿಕಾಯಗಳನ್ನು ಬೇರೆ ಮಾಡಿ, ಶುದ್ಧ ಮಾಡಿ, ಒಣಗಿಸಿ ಪುಡಿ ಮಾಡಿ ಬಾಟ್ಲಿಗೆ ತುಂಬುತ್ತಾರೆ. ಫ್ರಾನ್ಸಿನ ಆಲ್ಬರ್ಟ್ ಕ್ಯಾಲ್ಮೆಟ್ 1890ರ ದಶಕದಲ್ಲಿ ತೋರಿಸಿಕೊಟ್ಟ ದಾರಿ ಇದು. ಇವತ್ತಿಗೂ ಮೂಲ ವಿಧಾನ ಬದಲಾಗಿಲ್ಲ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಇದೆ. ನಮ್ಮ ಪಕ್ಕದ ತೋಟದಲ್ಲಿ ಕೆಲಸ ಮಾಡುವ ಒಬ್ಬರಿಗೆ ಕೊಳಕುಮಂಡಲ ಕಡಿಯಿತು. ಸರಿಯಾದ ಹೊತ್ತಿಗೆ ಆಸ್ಪತ್ರೆಗೂ ಹೋದರು. ಡ್ರಿಪ್ಪಿನಲ್ಲಿ ಇಂಜೆಕ್ಷನ್ ಶುರುವಾದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ದದ್ದು, ನಡುಕ, ಉಸಿರಾಟದ ತೊಂದರೆ. ಡಾಕ್ಟರು ತಕ್ಷಣ ಡ್ರಿಪ್ ನಿಲ್ಲಿಸಿ, ಇಂಥ ಅಲರ್ಜಿ ಇಳಿಸುವ ಅಡ್ರಿನಲಿನ್ ಕೊಟ್ಟರು. ಹೊರಗಿದ್ದ ನೆಂಟರು ಮಾತ್ರ ‘ಬಂದಾಗ ಚೆನ್ನಾಗಿದ್ರು, ನೀವು ಏನೋ ಕೊಟ್ಟು ಹಿಂಗೆ ಮಾಡಿದ್ರಿ’ ಅಂತ ಸಿಸ್ಟರ್ ಮೇಲೆ ಏರಿ ಹೋದರು. ಕುದುರೆಯ ಪ್ರೋಟೀನು ಮನುಷ್ಯನ ಮೈಗೆ ಹೊರಗಿನದು, ಕೆಲವರಿಗೆ ಹೀಗೆ ಆಗುತ್ತದೆ, ಅದಕ್ಕೇ ಅಡ್ರಿನಲಿನ್ ಪಕ್ಕದಲ್ಲೇ ಇಟ್ಟುಕೊಂಡು ಕೊಡುತ್ತಾರೆ ಅಂತ ಅವರಿಗೆ ಮೊದಲೇ ಗೊತ್ತಿದ್ದರೆ ಆ ಗಲಾಟೆ ಆಗುತ್ತಿರಲಿಲ್ಲ. ಆ ಮನುಷ್ಯ ಬದುಕಿದರು. ಆದರೆ ಆ ಮನೆಯವರು ಈಗಲೂ ‘ಆ ಇಂಜೆಕ್ಷನ್ ಡೇಂಜರ್’ ಅಂತಲೇ ಹೇಳಿಕೊಂಡು ಓಡಾಡುತ್ತಿದ್ದಾರೆ. ಮುಂದಿನ ಸಲ ಆ ಕೇರಿಯಲ್ಲಿ ಯಾರಿಗಾದರೂ ಕಡಿದರೆ ಮೊದಲು ನಾಟಿ ಔಷಧಿಯವರ ಮನೆಗೆ ಹೋಗುತ್ತಾರೆ. ನನ್ನ ಭಯ ಅದು.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷ ಅಂತ ಅಂದಾಜಿದೆ. ವರ್ಷಕ್ಕೆ ಸರಾಸರಿ 58,000 ಜನ. ಹೆಚ್ಚಿನವರು ಹಳ್ಳಿಯವರು, ಹೊಲ ಗದ್ದೆಯಲ್ಲಿ ದುಡಿಯುವವರು. ಇಷ್ಟು ಜನರ ಜೀವದ ಪ್ರಶ್ನೆಯಾಗಿರುವ ಔಷಧಿಯ ಹಿಂದೆ ಯಾವ ಪ್ರಾಣಿ ಇದೆ, ಅದಕ್ಕೆ ಏನು ಮಾಡುತ್ತಾರೆ, ಅದಕ್ಕೆ ನೋವಾಗುತ್ತದಾ ಅನ್ನುವುದನ್ನು ಯಾರೂ ಕನ್ನಡದಲ್ಲಿ ಸರಳವಾಗಿ ಹೇಳುವುದಿಲ್ಲ. ಹೇಳಬೇಕು ಅಂತ ನನ್ನ ವಾದ. ಒಳ್ಳೆಯದನ್ನೂ ಹೇಳಬೇಕು, ಕೆಟ್ಟದನ್ನೂ ಹೇಳಬೇಕು. ಆಸ್ಪತ್ರೆಯ ಗೋಡೆಗೆ, ಶಾಲೆಯ ಗೋಡೆಗೆ ಹಾಕುವಂಥ ಒಂದು ಬರಹ ನಾವೇ ಸೇರಿ ಮಾಡೋಣ ಅಂತ ಆಸೆ. ಏನಂತೀರಿ?

ಕರಾವಳಿ ಹುಡುಗ

ಸರ್, ನಿಜವಾಗಿಯೂ ಗೊತ್ತಿರಲಿಲ್ಲ. ಕುದುರೆಗೆ ವಿಷ ಚುಚ್ಚಿದರೆ ಅದು ಸಾಯುವುದಿಲ್ವಾ? ರಕ್ತ ತೆಗೆದ ಮೇಲೆ ಅದನ್ನು ಏನು ಮಾಡುತ್ತಾರೆ?

ಗೊರಸು

ನಾನು ನಿವೃತ್ತ ಪಶುವೈದ್ಯ. ಸೀರಮ್ (ಪ್ರಾಣಿಯ ರಕ್ತದಿಂದ ತೆಗೆಯುವ ಇಂಥ ಔಷಧಿ) ತಯಾರಿಸುವ ಒಂದು ಕಡೆ ಕುದುರೆಗಳನ್ನು ನೋಡಿಕೊಂಡಿದ್ದೇನೆ. ಜಾಗದ ಹೆಸರು ಬೇಡ.

ಸಾಯುವುದಿಲ್ಲ. ಸಾಯಿಸಿದರೆ ಕೆಲಸವೇ ಆಗುವುದಿಲ್ಲ. ಅದೇ ಕುದುರೆಯಿಂದ ವರ್ಷಗಟ್ಟಲೆ ಪ್ಲಾಸ್ಮಾ ತೆಗೆಯುತ್ತಾರೆ. ಕುದುರೆ ಅಂತ ಹೇಳಿದರೂ ತಟ್ಟು, ಹೇಸರಗತ್ತೆಗಳೂ ಇರುತ್ತವೆ. ಹೊಸ ಪ್ರಾಣಿ ಬಂದರೆ ಮೊದಲು ಬೇರೆ ಇಟ್ಟು, ರೋಗ ಇದೆಯಾ ನೋಡಿ, ಧನುರ್ವಾಯು ಲಸಿಕೆ ಹಾಕಿ, ಆಮೇಲೆ ಕೆಲಸಕ್ಕೆ ಸೇರಿಸುತ್ತೇವೆ.

ವಿಷವನ್ನು ಚರ್ಮದ ಕೆಳಗೆ, ಒಂದೇ ಕಡೆ ಹಾಕದೆ ಬೇರೆ ಬೇರೆ ಜಾಗದಲ್ಲಿ ಹಂಚಿ ಹಾಕುತ್ತೇವೆ. ಮೈ ಜೋರಾಗಿ ಪ್ರತಿಕ್ರಿಯಿಸಲಿ ಅಂತ ಅದರ ಜೊತೆ ಇನ್ನೊಂದು ದ್ರವ ಸೇರಿಸುತ್ತೇವೆ. ತೊಂದರೆ ಇರುವುದು ಅಲ್ಲೇ. ಚುಚ್ಚಿದ ಜಾಗದಲ್ಲಿ ಬಾವು ಬರುತ್ತದೆ. ಕೆಲವು ಸಲ ಕೀವಾಗಿ ಒಡೆಯುತ್ತದೆ. ಸೂಜಿ, ಚರ್ಮ ಎರಡೂ ಸ್ವಚ್ಛ ಇದ್ದರೆ, ಪ್ರಮಾಣ ಕಡಿಮೆ ಇದ್ದರೆ ಬಾವು ಚಿಕ್ಕದಾಗಿ ಇಳಿದುಹೋಗುತ್ತದೆ. ಅವಸರದಲ್ಲಿ, ಉಡಾಫೆಯಲ್ಲಿ ಮಾಡಿದರೆ ವಾರಗಟ್ಟಲೆ ಹುಣ್ಣು. ಬೆಳಗ್ಗೆ ಲಾಯಕ್ಕೆ ಹೋದ ತಕ್ಷಣ ನಾನು ನೋಡುತ್ತಿದ್ದದ್ದು ಎರಡೇ. ಬುಟ್ಟಿಯಲ್ಲಿ ಹುರುಳಿ ಉಳಿದಿದೆಯಾ? ಕತ್ತಿನ ಮೇಲೆ ಕೈಯಾಡಿಸಿದರೆ ಕುದುರೆ ತಲೆ ಎಳೆದುಕೊಳ್ಳುತ್ತದಾ? ಈ ಎರಡರಲ್ಲೇ ಅರ್ಧ ವಿಷಯ ಗೊತ್ತಾಗುತ್ತದೆ.

ರಕ್ತ ತೆಗೆಯುವುದು ಕತ್ತಿನ ದೊಡ್ಡ ರಕ್ತನಾಳದಿಂದ, ಚೀಲಕ್ಕೆ. ತೆಗೆಯುವ ಮೊದಲು ಹಿಮೋಗ್ಲೋಬಿನ್ ನೋಡಬೇಕು. ಎಷ್ಟು ತೆಗೆಯಬಹುದು ಅನ್ನುವುದಕ್ಕೆ ಕುದುರೆಯ ತೂಕದ ಲೆಕ್ಕ ಇದೆ. ಸರಿಯಾದ ಕಡೆ ಪ್ಲಾಸ್ಮಾ ಬೇರೆ ಮಾಡಿಕೊಂಡು ಕೆಂಪು ಕಣಗಳನ್ನು ಸಲೈನ್ ಜೊತೆ ಅದೇ ಕುದುರೆಗೆ ವಾಪಸ್ ಕೊಡುತ್ತಾರೆ. ಹಾಗೆ ಮಾಡಿದರೆ ರಕ್ತಹೀನತೆ ಬರುವುದಿಲ್ಲ. ಆಮೇಲೆ ವಿಶ್ರಾಂತಿ.

ದುಡ್ಡು ಉಳಿಸಲು ಹೊರಟವರು ಎಲ್ಲಿ ಕೈ ಬಿಗಿ ಹಿಡಿಯುತ್ತಾರೆ ಗೊತ್ತಾ? ಗೊರಸು ಕತ್ತರಿಸುವವನ ಕೂಲಿಯಲ್ಲಿ. ಹಸಿ ಹುಲ್ಲಿನಲ್ಲಿ. ನಡೆದಾಡಲು ಬೇಕಾದ ಜಾಗದಲ್ಲಿ. ಬಾಟ್ಲಿಯ ಮೇಲೆ ಇದ್ಯಾವುದೂ ಕಾಣುವುದಿಲ್ಲ. ಹೊರಗಿನವರ ಕಣ್ಣು ಬೀಳದ ಜಾಗದಲ್ಲಿ ಮೊದಲು ಕಷ್ಟಕ್ಕೆ ಬೀಳುವುದು ಪ್ರಾಣಿಯೇ. ಅದಕ್ಕೇ ಮೇಷ್ಟ್ರ ಮಾತಿಗೆ ನನ್ನ ಪೂರ್ತಿ ಬೆಂಬಲ.

ಹಸಿರುಮನಸು

ತೋಟದಮನೆ ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ‘ಜನರಿಗೆ ತಿಳಿಸುವುದು’ ಅಂತ ಹೇಳುವಾಗ ನನಗೆ ಒಂದು ಅನುಮಾನ. ಇದು ತಿಳಿಸುವುದಾ ಅಥವಾ ಒಪ್ಪಿಸುವುದಾ? ಸಂಶೋಧನೆ ಮಾಡುವವರು ಇಂಥ ಮಾತು ಆಡಿದಾಗಲೆಲ್ಲ ಕಡೆಗೆ ಬರುವುದು ‘ನೋಡಿ, ಪ್ರಾಣಿ ಇಲ್ಲದೆ ಔಷಧಿ ಇಲ್ಲ, ಸುಮ್ನೆ ಇರಿ’ ಅನ್ನುವ ತೀರ್ಮಾನಕ್ಕೆ.

ನಾನು ಬೀದಿ ನಾಯಿಗಳ ಚಿಕಿತ್ಸೆ ಮಾಡುವ ತಂಡದಲ್ಲಿದ್ದೇನೆ. ಸುಮಾರು ಹತ್ತು ವರ್ಷದ ಹಿಂದೆ ಪ್ರಾಣಿ ಕಲ್ಯಾಣ ಮಂಡಳಿಯ ಕಡೆಯಿಂದ ಸೀರಮ್ ತಯಾರಿಸುವ ಜಾಗಗಳ ತಪಾಸಣೆ ಆಗಿತ್ತು. ಗೊರಸಿನ ರೋಗ, ಕಣ್ಣಿನ ತೊಂದರೆ, ಕೀವಾದ ಗಾಯ, ಬಡಕಲು ಕುದುರೆಗಳು, ಎಲ್ಲ ವರದಿಯಲ್ಲಿ ಬಂದವು. ಅದನ್ನು ಓದಿದ ಮೇಲೆ ನನಗೆ ಈ ಇಂಜೆಕ್ಷನ್ ಬಗ್ಗೆ ಕೃತಜ್ಞತೆಗಿಂತ ನಾಚಿಕೆಯೇ ಜಾಸ್ತಿ ಆಯಿತು. ನಿಮ್ಮ ಗೋಡೆ ಬರಹದಲ್ಲಿ ಇದು ಇರುತ್ತದಾ? ಇಲ್ಲದಿದ್ದರೆ ಅದು ಪ್ರಚಾರ ಅಷ್ಟೇ.

ತೋಟದಮನೆ

ಇರಬೇಕು ಮೇಡಂ. ಇಲ್ಲದಿದ್ದರೆ ನಾನೇ ಅದನ್ನು ಹಾಕಲು ಬಿಡುವುದಿಲ್ಲ.

ಒಪ್ಪಿಸುವುದು ನನ್ನ ಕೆಲಸ ಅಲ್ಲ. ಈ ಔಷಧಿ ತೆಗೆದುಕೊಂಡವರು ನಾವು. ಕುದುರೆಯ ಋಣ ನಮ್ಮ ಮೇಲಿದೆ. ಋಣ ಇದೆ ಅಂತ ಗೊತ್ತಿದ್ದವನು ತಾನೇ ‘ಆ ಕುದುರೆಯನ್ನು ಹೇಗೆ ಇಟ್ಟಿದ್ದೀರಿ’ ಅಂತ ಕೇಳುವುದು? ಗೊತ್ತಿಲ್ಲದವನು ಯಾಕೆ ಕೇಳುತ್ತಾನೆ? ನೀವು ಹೇಳಿದ ವರದಿ ಬಂದಾಗ ಹಾವು ಕಡಿತದಿಂದ ಬದುಕಿದ ಸಾವಿರಾರು ರೈತರಲ್ಲಿ ಒಬ್ಬರೂ ಮಾತಾಡಲಿಲ್ಲ. ಅವರಿಗೆ ಕಲ್ಲು ಮನಸ್ಸು ಅಂತ ನಾನು ಒಪ್ಪುವುದಿಲ್ಲ. ಮನೆಯ ಎತ್ತಿಗೆ ಕಾಲು ಕುಂಟಾದರೆ ಊಟ ಬಿಡುವ ಜನ ಅವರು. ತಮಗೂ ಆ ಕುದುರೆಗೂ ಸಂಬಂಧ ಇದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಹಸಿರುಮನಸು

ಈ ಮಾತು ನನ್ನ ತಲೆಗೆ ಬಂದಿರಲಿಲ್ಲ. ಸರಿ, ಮುಂದೆ ಓದುತ್ತೇನೆ. ಆದರೆ ಕುದುರೆ ಒಂದೇ ಅಲ್ಲವಲ್ಲ. ಇಲಿಗಳ ಕಥೆಯನ್ನೂ ಯಾರಾದರೂ ಹೇಳಿ.

ಪಿಪೆಟ್

ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಹಾವಿನ ವಿಷ ನನ್ನ ವಿಷಯ ಅಲ್ಲ, ಆದರೆ ಇಲಿಗಳ ಜೊತೆ ದಿನಾ ಕೆಲಸ ಮಾಡುತ್ತೇನೆ. ಪರೀಕ್ಷೆಯ ವಿಧಾನ ಗೊತ್ತು.

ಪ್ರತಿ ಬ್ಯಾಚ್ ಔಷಧಿ ಹೊರಗೆ ಹೋಗುವ ಮೊದಲು ಅದು ವಿಷವನ್ನು ತಡೆಯುತ್ತದಾ ಅಂತ ನೋಡಬೇಕು. ನಮ್ಮ ದೇಶದ ಅಳತೆ ಹೀಗಿದೆ: 1 ಎಂಎಲ್ ಔಷಧಿ 0.6 ಮಿಲಿಗ್ರಾಂ ನಾಗರಹಾವಿನ ವಿಷ, 0.6 ಮಿಲಿಗ್ರಾಂ ಕೊಳಕುಮಂಡಲದ ವಿಷ, 0.45 ಮಿಲಿಗ್ರಾಂ ಕಟ್ಟುಹಾವಿನ ವಿಷ, 0.45 ಮಿಲಿಗ್ರಾಂ ಗರಗಸ ಮಂಡಲದ ವಿಷ, ಇಷ್ಟನ್ನು ತಡೆಯಬೇಕು. ಇದನ್ನು ನೋಡುವುದು ಬಿಳಿ ಇಲಿಗಳಲ್ಲಿ. ವಿಷ ಮತ್ತು ಔಷಧಿ ಬೆರೆಸಿ, ಸ್ವಲ್ಪ ಹೊತ್ತು ಇಟ್ಟು, ಇಲಿಗೆ ಚುಚ್ಚುತ್ತಾರೆ. ಔಷಧಿಯ ಪ್ರಮಾಣ ಒಂದೊಂದು ಗುಂಪಿಗೆ ಒಂದೊಂದು. ಎಷ್ಟು ಬದುಕಿದವು, ಎಷ್ಟು ಸತ್ತವು ಅಂತ ಲೆಕ್ಕ ಹಾಕುತ್ತಾರೆ. ಮೆತ್ತಗೆ ಹೇಳುವುದಕ್ಕೆ ಇಲ್ಲಿ ಏನೂ ಇಲ್ಲ. ಕೆಲವು ಇಲಿಗಳು ವಿಷದಿಂದಲೇ ಸಾಯುತ್ತವೆ. ಕುದುರೆಯ ಪಾಡಿಗಿಂತ ಇಲಿಯ ಪಾಡು ಕಷ್ಟದ್ದು. ಅದರ ಬಗ್ಗೆ ಮಾತಾಡುವವರು ಕಡಿಮೆ.

ಹಾಗಾದರೆ ಪರೀಕ್ಷೆ ಬಿಟ್ಟುಬಿಡಬಹುದಾ? ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಘಟನೆ ಇದೆ. 1901ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜಿಮ್ ಅನ್ನುವ ಕುದುರೆಯಿಂದ ಗಂಟಲಮಾರಿ ರೋಗಕ್ಕೆ ಸೀರಮ್ ತೆಗೆಯುತ್ತಿದ್ದರು. ಮೊದಲು ಹಾಲಿನ ಗಾಡಿ ಎಳೆಯುತ್ತಿದ್ದ ಕುದುರೆ ಅದು. ಅದಕ್ಕೆ ಧನುರ್ವಾಯು ಬಂತು. ರೋಗ ಹಿಡಿದ ಕಾಲದ ಸೀರಮ್ ಸರಿಯಾದ ಪರೀಕ್ಷೆ ಇಲ್ಲದೆ ಹೊರಗೆ ಹೋಯಿತು. 13 ಮಕ್ಕಳು ಸತ್ತರು. ಇಂಥ ಔಷಧಿಗಳ ಮೇಲೆ ಅಮೆರಿಕದಲ್ಲಿ ಕಾನೂನು ಬಂದದ್ದು ಅದರ ಮರುವರ್ಷ, 1902ರಲ್ಲಿ.

ಈಗ ಹೊಸ ದಾರಿಗಳು ಬರುತ್ತಿವೆ. ವಿಷ ಮತ್ತು ಪ್ರತಿಕಾಯ ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ ಅಂತ ಲ್ಯಾಬಿನ ತಟ್ಟೆಯಲ್ಲೇ ನೋಡಬಹುದು. ಜೀವಕೋಶಗಳ ಮೇಲೆ ನೋಡಬಹುದು. ರಕ್ತ ಹೆಪ್ಪುಗಟ್ಟುವುದನ್ನು ಟ್ಯೂಬಿನಲ್ಲಿ ನೋಡಬಹುದು. ಇವುಗಳಿಂದ ಇಲಿಗಳ ಸಂಖ್ಯೆ ಬಹಳ ಇಳಿಸಬಹುದು. ಪೂರ್ತಿ ಸೊನ್ನೆ ಮಾಡಲು ಇನ್ನೂ ಆಗಿಲ್ಲ. ನೋವು ಕಡಿಮೆ ಮಾಡುವ ಔಷಧಿ ಮೊದಲೇ ಕೊಡುವುದು, ಇಲಿ ನರಳುವ ಮೊದಲೇ ಪರೀಕ್ಷೆ ನಿಲ್ಲಿಸುವುದು, ಇವನ್ನೂ ಮಾಡಬಹುದು. ಇದು ಎಲ್ಲ ಕಡೆ ಆಗಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕರಾವಳಿ ಹುಡುಗ

ಕುದುರೆಯೇ ಬೇಡ, ಲ್ಯಾಬಿನಲ್ಲೇ ಪ್ರತಿಕಾಯ ಮಾಡಲು ಆಗಲ್ವಾ?

ಪಿಪೆಟ್

ಆಗುತ್ತದೆ, ಆ ಕೆಲಸ ನಡೆಯುತ್ತಿದೆ. ನಮ್ಮ ಐಐಎಸ್‌ಸಿಯಲ್ಲೇ ಇದರ ಮೇಲೆ ಕೆಲಸ ಮಾಡುವ ತಂಡ ಇದೆ. 2024ರಲ್ಲಿ ಅವರು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರ ಜೊತೆ ಸೇರಿ ಲ್ಯಾಬಿನಲ್ಲಿ ಮಾಡಿದ ಮಾನವ ಪ್ರತಿಕಾಯ ಒಂದನ್ನು ಪ್ರಕಟಿಸಿದರು. ನಾಗರಹಾವು, ಕಟ್ಟುಹಾವು, ಕಾಳಿಂಗ, ಆಫ್ರಿಕಾದ ಮಾಂಬಾ, ಇವುಗಳ ವಿಷದಲ್ಲಿರುವ ಒಂದು ಬಗೆಯ ನರವಿಷವನ್ನು ಅದು ತಡೆಯುತ್ತದೆ. ಕುದುರೆ ಇಲ್ಲ, ಕುದುರೆ ಪ್ರೋಟೀನಿನ ಅಲರ್ಜಿಯೂ ಇಲ್ಲ.

ಆದರೆ ಒಂದು ವಿಷಯ ಮುಚ್ಚಿಡಬಾರದು. ಅದು ಕೆಲಸ ಮಾಡುತ್ತದೆ ಅಂತ ಗೊತ್ತಾದದ್ದು ಇಲಿಗಳಲ್ಲಿ. ಕುದುರೆಯನ್ನು ಬಿಡಿಸುವ ದಾರಿಯೂ ಸದ್ಯಕ್ಕೆ ಇಲಿಯ ಮೂಲಕವೇ ಹೋಗುತ್ತಿದೆ. ಮಂಡಲದ ಹಾವುಗಳ ವಿಷಕ್ಕೆ ಒಂದು ಪ್ರತಿಕಾಯ ಸಾಲದು. ಅದರಲ್ಲಿ ಬಗೆಬಗೆಯ ವಿಷಗಳು ಸೇರಿರುತ್ತವೆ.

ಕಾನುಮನೆ

ಸಾಗರದ ಕಡೆಯವನು. ಹಾವಿನಷ್ಟೇ ನಮ್ಮನ್ನು ಕಾಡುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪುಣೆಯ ವೈರಸ್ ಕೇಂದ್ರದವರು ಬಂದು ಕಂಡುಹಿಡಿದದ್ದು. ಉಣುಗು ಕಚ್ಚಿ ಬರುವ ಕಾಯಿಲೆ. ಹಳೆಯ ಲಸಿಕೆಯಿಂದ ಹೆಚ್ಚು ಪ್ರಯೋಜನ ಇಲ್ಲ ಅಂತ 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸ ಲಸಿಕೆಯನ್ನು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಮಾಡುತ್ತಿವೆ. ಊರಿನಲ್ಲಿ ‘ಯಾಕಿಷ್ಟು ತಡ’ ಅಂತ ಎಲ್ಲರೂ ಬೈಯುತ್ತಾರೆ. ಪ್ರಾಣಿಗಳ ಮೇಲೆ ನೋಡಿ ಆಮೇಲೆ ಮನುಷ್ಯರ ಮೇಲೆ ಹಂತಹಂತವಾಗಿ ನೋಡಬೇಕು ಅಂತ ಯಾರೂ ಬಂದು ಹೇಳಿಲ್ಲ. ಹೇಳಿದ್ದರೆ ಬೈಗುಳ ಕಡಿಮೆ ಆಗುತ್ತಿತ್ತು. ಲಸಿಕೆ ಬಂದಾಗ ಹಾಕಿಸಿಕೊಳ್ಳುವ ಧೈರ್ಯವೂ ಬರುತ್ತಿತ್ತು. ಹಳೆಯದು ಸರಿ ಇರಲಿಲ್ಲ ಅಂತ ಗೊತ್ತಾದ ಮೇಲೆ ಜನರಿಗೆ ಸುಮ್ನೆ ‘ಹಾಕಿಸಿಕೊಳ್ಳಿ’ ಅಂದರೆ ಸಾಕಾ?

ಹಸಿರುಮನಸು

ಪ್ರಾಣಿಗಳ ಮೇಲೆ ನೋಡಿದ್ದೇವೆ ಅಂದ ಮಾತ್ರಕ್ಕೆ ಧೈರ್ಯ ಬರಬೇಕಾ? 2006ರಲ್ಲಿ ಲಂಡನ್ನಿನಲ್ಲಿ ಒಂದು ಹೊಸ ಔಷಧಿಯನ್ನು ಮಂಗಗಳಲ್ಲಿ ನೋಡಿ ಸುರಕ್ಷಿತ ಅಂತ ಹೇಳಿ ಆರು ಜನ ಆರೋಗ್ಯವಂತರಿಗೆ ಕೊಟ್ಟರು. ಆರೂ ಜನ ಐಸಿಯು ಸೇರಿದರು. ಇದನ್ನೂ ಹೇಳಬೇಕಲ್ವಾ?

ಪಿಪೆಟ್

ಖಂಡಿತ ಹೇಳಬೇಕು. ಆ ಔಷಧಿಯ ಹೆಸರು ಟಿಜಿಎನ್1412. ಆ ಔಷಧಿ ಯಾವ ಜೀವಕೋಶಗಳನ್ನು ಕೆರಳಿಸಿತೋ ಆ ಜೀವಕೋಶಗಳೇ ಮಂಗದಲ್ಲಿ ಮನುಷ್ಯನಲ್ಲಿ ಇದ್ದಂತೆ ಇರಲಿಲ್ಲ. ಅದಕ್ಕೇ ಮಂಗಕ್ಕೆ ಏನೂ ಆಗಲಿಲ್ಲ. ಆಮೇಲೆ ನಿಯಮ ಬದಲಾದವು. ಹೊಸ ಔಷಧಿಯನ್ನು ಎಲ್ಲರಿಗೂ ಒಟ್ಟಿಗೆ ಕೊಡದೆ ಒಬ್ಬರಿಗೆ ಕೊಟ್ಟು, ಕಾದು ನೋಡಿ, ಆಮೇಲೆ ಮುಂದಿನವರಿಗೆ ಕೊಡುವ ಪದ್ಧತಿ ಗಟ್ಟಿಯಾಯಿತು. ಪ್ರಾಣಿ ಪರೀಕ್ಷೆ ಅಪಾಯವನ್ನು ಕಡಿಮೆ ಮಾಡುತ್ತದೆ, ತೆಗೆದುಹಾಕುವುದಿಲ್ಲ. ಇದಕ್ಕಿಂತ ಜಾಸ್ತಿ ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮಲ್ಲೂ ಕಾನೂನು ಅದೇ ದಿಕ್ಕಿನಲ್ಲಿ ಹೊರಳುತ್ತಿದೆ. ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವುದನ್ನು 2014ರಲ್ಲೇ ನಿಷೇಧಿಸಿದರು. ಹೊರದೇಶದಲ್ಲಿ ಹಾಗೆ ಪರೀಕ್ಷೆ ಮಾಡಿದ್ದನ್ನು ತರಿಸುವುದಕ್ಕೂ ಅದೇ ವರ್ಷ ತಡೆ ಬಂತು. ಹೊಸ ಔಷಧಿಗಳಿಗೆ ಪ್ರಾಣಿ ಬಳಸದ ಪರೀಕ್ಷೆಗಳನ್ನೂ ಒಪ್ಪಬಹುದು ಅಂತ 2023ರಲ್ಲಿ ನಿಯಮ ತಿದ್ದಿದರು.

ಮಳೆದೇಶ

ಇಂಗ್ಲೆಂಡಿನಲ್ಲಿರುವ ಹಾಸನದವನು. ಇಲ್ಲಿಯ ಅನುಭವ ನಿಮಗೆ ಉಪಯೋಗ ಆಗಬಹುದು.

ಇಲ್ಲಿ 1990ರ ದಶಕದಲ್ಲಿ, 2000ದ ಮೊದಲ ವರ್ಷಗಳಲ್ಲಿ ಪ್ರಾಣಿ ಪ್ರಯೋಗದ ವಿರುದ್ಧ ತುಂಬ ಉಗ್ರ ಹೋರಾಟ ನಡೆಯಿತು. ವಿಜ್ಞಾನಿಗಳ ಮನೆ, ಕಾರಿನ ಮೇಲೆ ದಾಳಿ ಆದವು. ಹೆದರಿದ ಸಂಸ್ಥೆಗಳು ಬಾಯಿ ಮುಚ್ಚಿಕೊಂಡವು. ಬಾಗಿಲಿಗೆ ಹೆಸರಿಲ್ಲ, ವೆಬ್‌ಸೈಟಿನಲ್ಲಿ ಒಂದು ಸಾಲಿಲ್ಲ. ಬಾಯಿ ಮುಚ್ಚಿದಷ್ಟೂ ಜನರ ಅನುಮಾನ ಹೆಚ್ಚಾಯಿತು. ಕಡೆಗೆ 2014ರಲ್ಲಿ ವಿಶ್ವವಿದ್ಯಾಲಯಗಳು, ಕಂಪನಿಗಳು, ರೋಗಿಗಳ ಸಂಘಗಳು ಸೇರಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಯಾವಾಗ, ಹೇಗೆ, ಯಾಕೆ ಪ್ರಾಣಿ ಬಳಸುತ್ತೇವೆ ಅಂತ ಸ್ಪಷ್ಟವಾಗಿ ಹೇಳುತ್ತೇವೆ ಅಂತ.

ಈಗ ಒಂದೊಂದು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಆ ವರ್ಷ ಬಳಸಿದ ಇಲಿ ಎಷ್ಟು, ಮೀನು ಎಷ್ಟು, ಅವುಗಳಿಗೆ ಆದ ನೋವು ಯಾವ ಮಟ್ಟದ್ದು ಅಂತ ಇರುತ್ತದೆ. ಪ್ರಾಣಿ ಮನೆಯ ವಿಡಿಯೋ ಹಾಕುತ್ತಾರೆ. ಪ್ರತಿ ಯೋಜನೆಯ ಬಗ್ಗೆ ಸಾಮಾನ್ಯರಿಗೆ ಅರ್ಥವಾಗುವ ಸಾರಾಂಶವನ್ನು ಸರ್ಕಾರ ಪ್ರಕಟಿಸುತ್ತದೆ. ಇಡೀ ದೇಶದ ಲೆಕ್ಕ ಪ್ರತಿ ವರ್ಷ ಬರುತ್ತದೆ. 2023ರಲ್ಲಿ ಗ್ರೇಟ್ ಬ್ರಿಟನ್ನಿನಲ್ಲಿ 26.8 ಲಕ್ಷ ಪ್ರಯೋಗಗಳು. ದೊಡ್ಡ ಸಂಖ್ಯೆ. ಅದನ್ನು ಓದಿ ಸಿಟ್ಟಾಗುವವರೂ ಇದ್ದಾರೆ, ಸಿಟ್ಟಾಗಲು ಅವರಿಗೆ ಹಕ್ಕಿದೆ. ಸಂಖ್ಯೆ ಹೊರಗೆ ಬಂದರೆ ಜಗಳ ಆಗುತ್ತದೆ ಅಂತ ಹೆದರಿದ್ದರು. ಜಗಳ ಇದೆ, ಆದರೆ ಈಗ ಇಬ್ಬರ ಕೈಯಲ್ಲೂ ಒಂದೇ ಅಂಕಿ ಇರುತ್ತದೆ. ಸ್ಪೇನ್, ಜರ್ಮನಿಯಲ್ಲೂ ಇಂಥ ಒಪ್ಪಂದ ಬಂದಿವೆ.

ಕನ್ನಡದಲ್ಲಿ ಇಂಥ ಒಂದು ಪುಟ ಓದುವ ಆಸೆ ನನಗೆ ಬಹಳ ದಿನದಿಂದ ಇದೆ.

ಗೊರಸು

ನಮ್ಮ ಕಾನೂನಿನಲ್ಲೂ ದಾರಿ ಇದೆ ಅಂತ ಬಹಳ ಜನರಿಗೆ ಗೊತ್ತಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೇ ಪ್ರಯೋಗಕ್ಕೆ ಅವಕಾಶ ಕೊಡುತ್ತದೆ, ಜೊತೆಗೆ ಷರತ್ತು ಹಾಕುತ್ತದೆ. ಪುಸ್ತಕ, ಮಾದರಿ, ಫಿಲ್ಮ್ ತೋರಿಸಿದರೆ ಸಾಕಾಗುವ ಕಡೆ ಪ್ರಾಣಿ ಬೇಡ. ಸಣ್ಣ ಪ್ರಾಣಿ ಸಾಕಾದರೆ ದೊಡ್ಡದು ಬೇಡ. ಬರೀ ಕೈ ಪಳಗಿಸಿಕೊಳ್ಳಲು ಪ್ರಯೋಗ ಮಾಡುವಂತಿಲ್ಲ. 1998ರ ನಿಯಮದ ಪ್ರಕಾರ ಪ್ರಾಣಿ ಬಳಸುವ ಪ್ರತಿ ಸಂಸ್ಥೆ ನೋಂದಾಯಿಸಿಕೊಳ್ಳಬೇಕು, ಅದರಲ್ಲಿ ಒಂದು ನೀತಿ ಸಮಿತಿ ಇರಬೇಕು.

ಆ ಸಮಿತಿಯಲ್ಲಿ ಯಾರು ಯಾರು ಇರುತ್ತಾರೆ ನೋಡಿ. ಸಂಸ್ಥೆಯ ವಿಜ್ಞಾನಿಗಳು, ಪಶುವೈದ್ಯರು, ಹೊರಗಿನ ಒಬ್ಬ ವಿಜ್ಞಾನಿ, ಪ್ರಾಣಿ ಪ್ರಯೋಗಗಳ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಮಿತಿಯ ಪ್ರತಿನಿಧಿ. ಇವರ ಜೊತೆ ವಿಜ್ಞಾನಿ ಅಲ್ಲದ, ಸಮಾಜದ ಕಾಳಜಿ ಇರುವ ಒಬ್ಬ ಸದಸ್ಯ. ಅಂದರೆ ಮೇಷ್ಟ್ರು, ವಕೀಲರು, ಹಸಿರುಮನಸು ಅವರಂಥವರು. ‘ಇಷ್ಟು ಇಲಿ ಯಾಕೆ ಬೇಕು, ಕಡಿಮೆಯಲ್ಲಿ ಆಗಲ್ವಾ’ ಅಂತ ಕೇಳುವ ಹಕ್ಕು ಆ ಸದಸ್ಯನಿಗೆ ಇದೆ. ನಾನು ಕೂತ ಸಭೆಗಳಲ್ಲಿ ಆ ಕುರ್ಚಿಯವರು ಹೆಚ್ಚಾಗಿ ಸುಮ್ಮನಿರುತ್ತಿದ್ದರು. ವಿಷಯ ಅರ್ಥವಾಗುವ ಹಾಗೆ ಅವರಿಗೆ ಯಾರೂ ವಿವರಿಸುತ್ತಿರಲಿಲ್ಲ. ಕಾಗದವೆಲ್ಲ ಇಂಗ್ಲಿಷಿನಲ್ಲಿ, ಅದೂ ವಿಜ್ಞಾನಿಗಳಿಗೇ ಅರ್ಥವಾಗುವ ಇಂಗ್ಲಿಷಿನಲ್ಲಿ. ಒಂದು ಪುಟ ಸರಳ ಕನ್ನಡದ ಸಾರಾಂಶ ಕಡ್ಡಾಯ ಮಾಡಿದರೆ ಆ ಕುರ್ಚಿಗೆ ಜೀವ ಬರುತ್ತದೆ.

ಇನ್ನೊಂದು ಮಾತು. ನಮ್ಮ ದೇಶದ ಮಾರ್ಗಸೂಚಿಯಲ್ಲಿ ಪ್ರಯೋಗ ಮುಗಿದ ಪ್ರಾಣಿಯ ಪುನರ್ವಸತಿಯೂ ಸೇರಿದೆ. ಅಂದರೆ ಸೇವೆ ಮುಗಿಸಿದ ಕುದುರೆಯ ಕೊನೆಗಾಲ ನೋಡಿಕೊಳ್ಳುವ ಹೊಣೆ ಅದನ್ನು ಬಳಸಿದವರದ್ದು. ಈ ನಿಯಮ ಜಾರಿಯಲ್ಲಿ ಎಷ್ಟರ ಮಟ್ಟಿಗೆ ಇದೆ ಅಂತ ಕೇಳುವವರು ಬೇಕು.

ಹಸಿರುಮನಸು

ಡಾಕ್ಟರೇ, ಆ ಕುರ್ಚಿಗೆ ಕರೆದರೆ ನಾನು ಬರುತ್ತೇನೆ. ನಿಜವಾಗಿ ಹೇಳುತ್ತಿದ್ದೇನೆ. ಪ್ರಾಣಿ ಪ್ರಯೋಗ ಒಂದು ದಿನ ಪೂರ್ತಿ ನಿಲ್ಲಬೇಕು ಅನ್ನುವ ನನ್ನ ನಿಲುವು ಬದಲಾಗಿಲ್ಲ. ಆ ದಿನ ಬರುವವರೆಗೆ ಲಾಯದಲ್ಲಿರುವ ಕುದುರೆಗೆ ಇವತ್ತು ಸಿಗುವ ಹುಲ್ಲಿನ ಬಗ್ಗೆಯೂ ನಾನು ಮಾತಾಡಬೇಕಲ್ಲ.

ಸಿಸ್ಟರ್ ಅಕ್ಕ

ಡ್ಯೂಟಿ ಮುಗಿಸಿ ಈಗ ಓದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್. ಮೇಷ್ಟ್ರು ಹೇಳಿದಂಥ ಗಲಾಟೆ ನಮಗೆ ಹೊಸದಲ್ಲ.

ಗೋಡೆ ಬರಹ ಮಾಡುವುದಾದರೆ ನನ್ನ ಕೆಲವು ಮಾತು ಕೇಳಿ. ಹಾವು ಕಡಿದು ಬಂದವರಿಗೆ ನಾವು ಮೊದಲು ಮಾಡುವ ಕೆಲಸಗಳಲ್ಲಿ ಒಂದು, ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಡುವುದು. ಆಮೇಲೆ ಓರೆ ಮಾಡಿ ನೋಡುತ್ತೇವೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಈ 20 ನಿಮಿಷ ಮನೆಯವರಿಗೆ ‘ಏನೂ ಮಾಡ್ತಿಲ್ಲ, ಸುಮ್ನೆ ಕೂತಿದ್ದಾರೆ’ ಅಂತ ಕಾಣುತ್ತದೆ. ಇದನ್ನೂ ಬರೆಯಿರಿ. ಹಾವು ಕಡಿದವರಿಗೆಲ್ಲ ಇಂಜೆಕ್ಷನ್ ಬೇಕಾಗುವುದಿಲ್ಲ, ವಿಷ ಏರಿದ ಲಕ್ಷಣ ಇದ್ದರೆ ಮಾತ್ರ. ಕುದುರೆಯ ರಕ್ತದಿಂದ ಬಂದ ಔಷಧಿಯನ್ನು ಸುಮ್ನೆ ಹಾಳು ಮಾಡುವಂತಿಲ್ಲ ಅಂತ ಈಗ ನನಗೂ ಇನ್ನೊಂದು ಕಾರಣ ಸಿಕ್ಕಿತು.

ಇನ್ನೊಂದು, ಮಗುವಿಗೂ ದೊಡ್ಡವರಿಗೂ ಒಂದೇ ಪ್ರಮಾಣ. ಶುರುವಿಗೇ ಎಂಟರಿಂದ ಹತ್ತು ಬಾಟ್ಲಿ ಹೋಗುತ್ತದೆ. ‘ಇಷ್ಟು ಚಿಕ್ಕ ಮಗುವಿಗೆ ಅಷ್ಟೊಂದಾ’ ಅಂತ ತಾಯಂದಿರು ಅಳುತ್ತಾರೆ. ಹಾವು ಮಗು ಅಂತ ನೋಡಿ ವಿಷ ಕಡಿಮೆ ಬಿಡುವುದಿಲ್ಲ ಅಲ್ವಾ? ಮೈಯಲ್ಲಿರುವ ವಿಷಕ್ಕೆ ತಕ್ಕ ಔಷಧಿ.

ಮನೆಗೆ ಹೋದ ಮೇಲೆ ಒಂದೆರಡು ವಾರಕ್ಕೆ ಕೆಲವರಿಗೆ ಜ್ವರ, ಕೀಲು ನೋವು, ತುರಿಕೆ ಬರುತ್ತದೆ. ಅದೂ ಕುದುರೆ ಪ್ರೋಟೀನಿನಿಂದಲೇ. ಆಗ ವಾಪಸ್ ಬನ್ನಿ ಅಂತ ಬರೆಯಿರಿ. ‘ವಿಷ ಉಳಿದಿದೆ’ ಅಂತ ತಿಳಿದು ಬೇರೆ ಎಲ್ಲೋ ಹೋಗುತ್ತಾರೆ.

ಕಾನುಮನೆ

ಒಂದು ಅನುಮಾನ ಅಕ್ಕ. ಕುದುರೆ ರಕ್ತದ್ದು ಅಂತ ಬರೆದರೆ ನಮ್ಮ ಅಜ್ಜಿಯಂಥವರು ಬೇಡ ಅಂದುಬಿಟ್ಟರೆ?

ಸಿಸ್ಟರ್ ಅಕ್ಕ

ಬೇಡ ಅಂದವರನ್ನು ನಾನಂತೂ ನೋಡಿಲ್ಲ ತಮ್ಮ. ಮಡಿ ಮೈಲಿಗೆ ಜಾಸ್ತಿ ಇರುವ ಒಬ್ಬ ಅಜ್ಜಿಗೆ ನಾನೇ ಹೇಳಿದ್ದೆ. ‘ಯಾವ ಜೀವ ಕೊಟ್ಟರೇನು ಮಗಾ, ಕೊಟ್ಟಿತಲ್ಲ’ ಅಂದರು. ಹಾಗಂತ ಅದನ್ನು ಓದುವುದಕ್ಕೆ ಸಂಕಟದ ಹೊತ್ತು ಸರಿಯಲ್ಲ. ಅದಕ್ಕೇ ಬರಹ ಎಮರ್ಜೆನ್ಸಿ ಬಾಗಿಲಲ್ಲಿ ಬೇಡ. ಹೊರರೋಗಿಗಳ ಸಾಲಿನ ಹತ್ತಿರ, ಶಾಲೆಯಲ್ಲಿ, ಹಾಲಿನ ಡೇರಿಯಲ್ಲಿ, ಸೊಸೈಟಿಯಲ್ಲಿ ಹಾಕಿ. ಜನ ಪುರುಸೊತ್ತಾಗಿ ನಿಂತಿರುವ ಜಾಗ ಅವು.

ತೋಟದಮನೆ

ಎಲ್ಲರ ಮಾತು ಸೇರಿಸಿ ಒಂದು ಕರಡು ಮಾಡಿದ್ದೇನೆ. ತಿದ್ದಿ.

‘ಹಾವು ಕಡಿದರೆ ಓಡಬೇಡಿ, ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಡಿದ ಕೈಕಾಲು ಅಲ್ಲಾಡಿಸದೆ ನೇರವಾಗಿ ಆಸ್ಪತ್ರೆಗೆ ಬನ್ನಿ. ರಕ್ತ ಪರೀಕ್ಷೆಗೆ 20 ನಿಮಿಷ ಬೇಕು. ವಿಷ ಏರಿದ್ದರೆ ಮಾತ್ರ ಇಂಜೆಕ್ಷನ್ ಕೊಡುತ್ತೇವೆ. ಮಕ್ಕಳಿಗೂ ದೊಡ್ಡವರಿಗೂ ಒಂದೇ ಪ್ರಮಾಣ.

ಈ ಔಷಧಿ ಕುದುರೆಯ ರಕ್ತದಿಂದ ತಯಾರಾಗುತ್ತದೆ. ಕುದುರೆಗೆ ಸಣ್ಣ ಪ್ರಮಾಣದಲ್ಲಿ ಹಾವಿನ ವಿಷ ಕೊಟ್ಟು, ಅದರ ರಕ್ತದಲ್ಲಿ ಬೆಳೆದ ಪ್ರತಿಕಾಯಗಳನ್ನು ತೆಗೆಯುತ್ತಾರೆ. ಇದರಿಂದ ಕುದುರೆಗೆ ಬಾವು, ನೋವು ಆಗಬಹುದು. ಔಷಧಿ ಸರಿ ಇದೆಯಾ ಎಂದು ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಕೆಲವು ಇಲಿಗಳು ಸಾಯುತ್ತವೆ. ಈ ಪ್ರಾಣಿಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂದು ಕಾನೂನು ಇದೆ. ಕೆಲವು ಕಡೆ ಅದು ಸರಿಯಾಗಿ ಪಾಲನೆ ಆಗಿಲ್ಲ ಎಂದು ತಪಾಸಣೆಯಲ್ಲಿ ಕಂಡುಬಂದಿದೆ. ಕುದುರೆ ಇಲ್ಲದೆ ಈ ಔಷಧಿ ಮಾಡುವ ಸಂಶೋಧನೆ ಬೆಂಗಳೂರಿನಲ್ಲೂ ನಡೆಯುತ್ತಿದೆ.

ಕುದುರೆಯ ಪ್ರೋಟೀನಿನಿಂದ ಕೆಲವರಿಗೆ ದದ್ದು, ನಡುಕ, ಉಸಿರಾಟದ ತೊಂದರೆ ಬರಬಹುದು. ಅದಕ್ಕೆ ಚಿಕಿತ್ಸೆ ಸಿದ್ಧವಾಗಿರುತ್ತದೆ, ಹೆದರಬೇಡಿ. ಮನೆಗೆ ಹೋದ ಒಂದೆರಡು ವಾರದಲ್ಲಿ ಜ್ವರ, ಕೀಲು ನೋವು, ತುರಿಕೆ ಬಂದರೆ ಮತ್ತೆ ಬನ್ನಿ.’

ಪಿಪೆಟ್

ಚೆನ್ನಾಗಿದೆ ಸರ್. ಒಂದು ತಿದ್ದುಪಡಿ. ಮಲೆನಾಡಿಗೆ ಬರೆಯುವುದರಿಂದ ಇನ್ನೊಂದು ಸಾಲು ಬೇಕು. ಈ ಔಷಧಿ ನಾಲ್ಕು ಹಾವುಗಳ ವಿಷಕ್ಕೆ ಮಾತ್ರ ಮಾಡಿದ್ದು. ಪಶ್ಚಿಮ ಘಟ್ಟದ ಗುಳಿಮಂಡಲ, ಕಾಳಿಂಗ ಅದರಲ್ಲಿ ಸೇರಿಲ್ಲ. ಅವು ಕಡಿದರೂ ಆಸ್ಪತ್ರೆಗೇ ಬರಬೇಕು, ಆದರೆ ಚಿಕಿತ್ಸೆ ಬೇರೆ ಥರ ಇರುತ್ತದೆ. ಇದನ್ನು ಹೇಳದಿದ್ದರೆ ‘ನಾಲ್ಕು ಬಾಟ್ಲಿ ಹಾಕಿದರೂ ಇಳಿಯಲಿಲ್ಲ’ ಅನ್ನುವ ಇನ್ನೊಂದು ಗಾಳಿಸುದ್ದಿ ಹುಟ್ಟುತ್ತದೆ.

ಹಸಿರುಮನಸು

‘ಕೆಲವು ಇಲಿಗಳು ಸಾಯುತ್ತವೆ’ ಅನ್ನುವುದು ಸಾಲದು. ಉಳಿದವು ಆರಾಮಾಗಿ ಇರುತ್ತವೆ ಅನ್ನುವ ಹಾಗಿದೆ. ‘ಇಲಿಗಳಿಗೆ ನೋವಾಗುತ್ತದೆ, ಹಲವು ಸಾಯುತ್ತವೆ’ ಅಂತ ಬರೆಯಿರಿ. ಹಾಗೆ ಬರೆದರೆ ನಮ್ಮ ತಂಡದವರೂ ಇದನ್ನು ಹಂಚುತ್ತಾರೆ.

ತೋಟದಮನೆ

ಎರಡನ್ನೂ ಸೇರಿಸಿದೆ. ಡಾಕ್ಟರೇ, ಕುದುರೆಯ ಬಗ್ಗೆ ಬರೆದ ಸಾಲು ಸರಿ ಇದೆಯಾ?

ಗೊರಸು

‘ಬಾವು, ನೋವು ಆಗಬಹುದು’ ಬೇಡ. ‘ಆಗುತ್ತದೆ’ ಅಂತ ಬರೆಯಿರಿ. ಅದರ ಮುಂದೆ ‘ಸ್ವಚ್ಛವಾಗಿ ಮಾಡಿದರೆ ಕಡಿಮೆ ಆಗುತ್ತದೆ’ ಅಂತ ಸೇರಿಸಿ. ಲಾಯದಲ್ಲಿ ಕೆಲಸ ಮಾಡುವ ಹುಡುಗರು ಇದನ್ನು ಓದಿದರೆ ಅವರಿಗೂ ಉಪಯೋಗ.

ಸಿಸ್ಟರ್ ಅಕ್ಕ

ಅಕ್ಷರ ದೊಡ್ಡದಾಗಿ ಹಾಕಿಸಿ ಮೇಷ್ಟ್ರೇ, ಕನ್ನಡಕ ಇಲ್ಲದವರೂ ಓದುವ ಹಾಗೆ. ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿಗಳಿಗೆ ಸೋಮವಾರ ತೋರಿಸುತ್ತೇನೆ. ಅವರು ಒಪ್ಪಿದರೆ ಹೊರರೋಗಿಗಳ ಚೀಟಿ ಕೊಡುವ ಕಿಟಕಿಯ ಎಡಗಡೆ ಜಾಗ ಖಾಲಿ ಇದೆ.